ಎದುರಿನ ಕುರ್ಚಿ ಖಾಲಿ ಇದೆಯಾ? ವಿದ್ಯಾರ್ಥಿ ಭವನ, ಹಳೇ ಹೋಟೆಲುಗಳು ಮತ್ತು ನಮ್ಮ ಹರಟೆ

ಬುಲ್‌ಟೆಂಪಲ್_ರೋಡ್
ನಮ್ಮಪ್ಪನಿಗೆ ಈಗ 79. ಕೆಲಸದಲ್ಲಿದ್ದಾಗಿನಿಂದ ಒಂದು ಅಭ್ಯಾಸ: ಭಾನುವಾರ ಬೆಳಗ್ಗೆ ಲಾಲ್‌ಬಾಗಿನಲ್ಲಿ ಒಂದು ಸುತ್ತು, ಅಲ್ಲಿಂದ ನಡೆದುಕೊಂಡು ಗಾಂಧಿ ಬಜಾರು, ವಿದ್ಯಾರ್ಥಿ ಭವನದಲ್ಲಿ ಒಂದು ಮಸಾಲೆ, ಆಮೇಲೆ ಬೈಟೂ ಕಾಫಿ. ನಾಲ್ಕು ಜನರ ತಂಡ. ಒಬ್ಬರು ಕೊರೋನಾದಲ್ಲಿ ಹೋದರು. ಇನ್ನೊಬ್ಬರನ್ನ ಮಗ ಅಮೆರಿಕಕ್ಕೆ ಕರೆಸಿಕೊಂಡ. ಉಳಿದಿರೋದು ಅಪ್ಪ ಮತ್ತು ಕಿವಿ ಸರಿಯಾಗಿ ಕೇಳದ ಅವರ ಸ್ನೇಹಿತರು.

ಹೋದ ಭಾನುವಾರ ನಾನೇ ಇಬ್ಬರನ್ನೂ ಕರಕೊಂಡು ಹೋದೆ. ಬಾಗಿಲಲ್ಲಿ ಹೆಸರು ಬರೆಸಿ ಕಾದೆವು. ಜನಜಾತ್ರೆ, ಅದರಲ್ಲಿ ಅರ್ಧ ಜನ ಫೋಟೋ ತೆಗೆಯೋರು. ಒಳಗೆ ನಮ್ಮ ಎದುರಿನ ಕುರ್ಚಿಯಲ್ಲಿ ಒಬ್ಬ ಹುಡುಗ ಕೂತ. ಅಪ್ಪ ರೂಢಿಯಂತೆ "ಯಾವೂರಪ್ಪಾ?" ಅಂದರು. ಹುಡುಗ ಒಂದು ಕಿವಿಯಿಂದ ಇಯರ್‌ಫೋನ್ ತೆಗೆದು "ಸಾರಿ ಅಂಕಲ್?" ಅಂದ. ಅಪ್ಪ "ಏನಿಲ್ಲ, ತಿನ್ನು" ಅಂದರು. ಅವನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

ವಾಪಸ್ ಬರುವಾಗ ಅಪ್ಪ ಹೇಳಿದ್ದು ಒಂದೇ ಮಾತು, "ದೋಸೆ ಹಾಗೇ ಇದೆ."

ಅದಕ್ಕೇ ಇಲ್ಲಿ ಕೇಳ್ತಿದೀನಿ. ಹೋಟೆಲು ಊರವರು ಸೇರೋ ಜಾಗ ಅಂತೀವಲ್ಲ, ಅದಕ್ಕೆ ನಿಜವಾಗಿ ಏನು ಕಾರಣ? ತಿಂಡಿಯಂತೂ ಅಲ್ಲ ಅಂತ ನನಗೆ ಅನ್ನಿಸ್ತಿದೆ. ಗುರುತಿಲ್ಲದವರನ್ನ ತಂದು ಎದುರಿಗೆ ಕೂರಿಸ್ತಿದ್ದರಲ್ಲ, ಆ ಕುರ್ಚಿಯೇ ಕಾರಣ ಅಂತ ನನ್ನ ವಾದ. ನಿಮ್ಮೂರಲ್ಲಿ ಹೇಗೆ?

ಕಟ್ಟೆ_ಪುರಾಣ
ಒಳ್ಳೇ ವಿಷಯ ಎತ್ತಿದ್ದೀರಿ. ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಈ ಹೋಟೆಲನ್ನ 1943ರಲ್ಲಿ ಶುರು ಮಾಡಿದ್ದು ವೆಂಕಟರಮಣ ಉರಾಳರು. ಸುತ್ತ ಶಾಲೆಗಳಿದ್ದವು, ಹುಡುಗರು ಬರ್ತಿದ್ದರು, ಹೆಸರು ವಿದ್ಯಾರ್ಥಿ ಭವನ ಅಂತಲೇ ಆಯ್ತು. 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು, ಈಗ ಮಗ ಅರುಣ್ ಅಡಿಗರು ನೋಡಿಕೊಳ್ತಾರೆ. ಶುಕ್ರವಾರ ರಜಾ. ದೋಸೆ ಜೊತೆ ಸಾಂಬಾರ್ ಕೇಳಿದರೆ ಇಲ್ಲ, ನೀರಾದ ಚಟ್ನಿ ಮಾತ್ರ. ಮೊಣಕೈವರೆಗೂ ತಟ್ಟೆ ಮೇಲೆ ತಟ್ಟೆ ಜೋಡಿಸಿಕೊಂಡು ಬರೋ ಸಪ್ಲೈಯರ್‌ನ ನೋಡೋಕೇ ಮಕ್ಕಳನ್ನ ಕರಕೊಂಡು ಹೋಗೋರಿದ್ದಾರೆ.

ಆದರೆ ನಿಮ್ಮ ವಾದಕ್ಕೆ ನನ್ನದೊಂದು ತಕರಾರು. ಅದು ಹರಟೆಗೆ ಕೂರೋ ಜಾಗ ಯಾವತ್ತೂ ಆಗಿರಲಿಲ್ಲ. ನಾನು ಕಾಲೇಜಿನಲ್ಲಿದ್ದಾಗಲೂ ತಿಂದು ಮುಗಿಸೋ ಹೊತ್ತಿಗೆ ಪಕ್ಕದಲ್ಲಿ ಒಬ್ಬ ನಿಂತು ನಮ್ಮ ಲೋಟವನ್ನೇ ನೋಡ್ತಿದ್ದ. ಹರಟೆ ನಡೀತಿದ್ದದ್ದು ಹೊರಗೆ, ಹೂವಿನಂಗಡಿ, ಪುಸ್ತಕದಂಗಡಿ ಮುಂದೆ, ಮರದ ಕೆಳಗೆ. ಹೋಟೆಲು ಅದಕ್ಕೆ ನೆಪ. "ದೋಸೆ ತಿನ್ನೋಣ ಬಾ" ಅಂದರೆ ಅರ್ಧ ಗಂಟೆ ದೋಸೆ, ಎರಡು ಗಂಟೆ ಫುಟ್‌ಪಾತು.

ಇನ್ನೊಂದು. ಗೋಡೆ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರ ನೋಡಿ ಎಲ್ಲರೂ ಅಲ್ಲೇ ಬೀಡುಬಿಟ್ಟಿದ್ದರು ಅಂದುಕೊಳ್ತಾರೆ. ಮಾಸ್ತಿಯವರ ಸಂಜೆ ಕಳೀತಿದ್ದದ್ದು ಬಸವನಗುಡಿ ಕ್ಲಬ್ಬಿನಲ್ಲಿ, ಇಸ್ಪೀಟಿನ ಮೇಜಲ್ಲಿ. ದೋಸೆ ಅಂಗಡಿಯಲ್ಲಿ ಕೂತು ಸಾಹಿತ್ಯ ಕಟ್ಟಿದರು ಅನ್ನೋದು ನಾವು ಆಮೇಲೆ ಹಾಕಿದ ಒಗ್ಗರಣೆ.

ಮಾವಳ್ಳಿ_ಮಗಳು
ನೀವು ಗಂಡಸರು ಎಷ್ಟು ಚೆನ್ನಾಗಿ ನೆನಪು ಮಾಡ್ಕೋತೀರಪ್ಪ. ನಮ್ಮಮ್ಮ ಇದೇ ಬಸವನಗುಡಿಯಲ್ಲಿ ಹುಟ್ಟಿ ಬೆಳೆದವರು. ಮದುವೆಯಾಗೋವರೆಗೆ ಹೋಟೆಲಿನ ಒಳಗೆ ಕಾಲಿಟ್ಟಿರಲಿಲ್ಲ. "ಹೋಟೆಲಿಗೆ ಹೋಗೋ ಹೆಣ್ಣು" ಅನ್ನೋದು ಆಗ ಬೈಗುಳ. ಅವರ ಪಾಲಿಗೆ ಮಸಾಲೆ ದೋಸೆ ಅಂದರೆ ತಾತ ಬಾಳೆಎಲೆ, ಅದರ ಮೇಲೆ ಪೇಪರ್ ಸುತ್ತಿಸಿ ತಂದ ಪೊಟ್ಟಣ. ಮನೆಗೆ ಬರೋ ಹೊತ್ತಿಗೆ ಮೆತ್ತಗಾಗಿ ಎಲೆ ವಾಸನೆ ಹಿಡಿದಿರೋದು. ಈಗಲೂ ಅಮ್ಮನಿಗೆ ಗರಿಗರಿ ದೋಸೆ ಹಿಡಿಸಲ್ಲ, ಪಾರ್ಸೆಲ್ ತಂದ ದೋಸೆಯೇ ಬೇಕು!

ಆಮೇಲೆ ಹೋಟೆಲುಗಳಲ್ಲಿ "ಫ್ಯಾಮಿಲಿ ರೂಮ್" ಬಂತು. ನೆನಪಿದೆಯಾ? ಪರದೆ, ಒಳಗೆ ಒಂದು ಮಂಕು ಬಲ್ಬು, ಫ್ಯಾನು ತಿರುಗಲ್ಲ. ಗುರುತಿಲ್ಲದವರ ಎದುರು ಕುರ್ಚಿ ಅಂತ ಬುಲ್‌ಟೆಂಪಲ್ ಅವರು ಹೇಳ್ತಿದ್ದಾರಲ್ಲ, ನಮ್ಮನ್ನ ಗುರುತಿಲ್ಲದವರಿಂದ ಬಚ್ಚಿಡೋಕೇ ಆ ಕೋಣೆ ಇದ್ದದ್ದು. ನನ್ನ ಮಟ್ಟಿಗೆ ಈಗಿನ ಕ್ಯೂ ವಾಸಿ. ಕ್ಯೂನಲ್ಲಿ ನಾನೂ ನಿಲ್ತೀನಿ, ಒಬ್ಬಳೇ ಹೋಗ್ತೀನಿ, ಯಾರೂ ತಿರುಗಿ ನೋಡಲ್ಲ. ಕಿವಿಗೆ ಇಯರ್‌ಫೋನ್ ನಾನೂ ಹಾಕ್ಕೋತೀನಿ. ನಿಮ್ಮ ಅಪ್ಪನಂಥವರು ಪ್ರೀತಿಯಿಂದಲೇ ಕೇಳ್ತಾರೆ, ಆದರೆ "ಯಾವೂರು" ಆದಮೇಲೆ "ಯಾವ ಪೈಕಿ" ಬರುತ್ತೆ, ಅದಾದಮೇಲೆ "ಮದುವೆ?"

ಬುಲ್‌ಟೆಂಪಲ್_ರೋಡ್
ಮೇಡಂ, ಒಪ್ಪಿದೆ. ಮೂರನೇ ಪ್ರಶ್ನೆಯವರೆಗೂ ಅಪ್ಪ ಹೋಗ್ತಾರೆ, ನಾನೇ ಸಾಕ್ಷಿ.

ಬೆಣ್ಣೆ_ಬ್ರಿಗೇಡ್
ದಾವಣಗೆರೆಯಿಂದ ಒಂದು ಮಾತು. ತುಪ್ಪದ ದೋಸೆಗೆ ಇಷ್ಟು ದೊಡ್ಡ ಚರ್ಚೆ ಆದರೆ ಬೆಣ್ಣೆ ದೋಸೆಗೆ ಮಹಾಸಭೆಯನ್ನೇ ಕರೀಬೇಕು. ಅಷ್ಟೇ. ನಮಸ್ಕಾರ.

ಕಟ್ಟೆ_ಪುರಾಣ
ಬಂದರಪ್ಪಾ. ಗುರುವೇ, ಆ ಜಗಳಕ್ಕೆ ಬೇರೆ ಎಳೆ ಶುರು ಮಾಡು, ಅಲ್ಲಿ ಬಂದು ಬೈತೀನಿ.

ಸಪ್ತಾಪುರ_ಮಳಿ
ನಮ್ಮ ಧಾರವಾಡದಾಗ ಬ್ಯಾರೇನ ಐತ್ರೀ. ಖಾನಾವಳ್ಯಾಗ ಕುಂತು ಹರಟಿ ಹೊಡದ್ರ ಹಿಂದ ನಿಂತಾವ ಕಣ್ಣ ಬಿಡತಾನ. ರೊಟ್ಟಿ ಬಿಸಿ ಇದ್ದಾಗ ಉಣ್ಣಬೇಕು, ಕೈ ತೊಳದು ಏಳಬೇಕು. ಮಾತಿಗೆ ಅಂತ ಜಾಗಾ ಬ್ಯಾರೆ ಇದ್ದವು. ಸುಭಾಸ ರಸ್ತಾದಾಗ ಮನೋಹರ ಗ್ರಂಥಮಾಲಾದ ಅಟ್ಟ ಐತಿ, ಜಿ.ಬಿ. ಜೋಶಿಯವರು 1933ರಾಗ ಸುರು ಮಾಡಿದ ಪ್ರಕಾಶನ. ಕೀರ್ತಿನಾಥ ಕುರ್ತಕೋಟಿಯವರು, ಗಿರೀಶ ಕಾರ್ನಾಡರು ಎಲ್ಲಾರೂ ಆ ಅಟ್ಟ ಹತ್ತಿ ಇಳದವರ. ಪುಸ್ತಕದಂಗಡಿ ಮ್ಯಾಲೆ ಕುಂತ್ರ ಬಿಲ್ ಕೊಡೂ ಕೆಲಸ ಇಲ್ಲ ನೋಡ್ರಿ, ಅದಕ್ಕ ಮಾತು ಉದ್ದ ಆಕ್ಕಿತ್ತು.

ನಮ್ಮಂಥಾ ಸಾದಾ ಮಂದಿಗೆ ಚಹಾದಂಗಡಿ. ಮಳಿ ಹತ್ತಿತಂದ್ರ ಗಿರ್ಮಿಟ್ಟು, ಮಿರ್ಚಿ, ಕಟ್ಟ ಚಹಾ. ಮಳಿ ನಿಲ್ಲೂತನಕಾ ಯಾರೂ ಏಳ ಅನ್ನಂಗಿಲ್ಲ. ಧಾರವಾಡದ ಮಳಿ ಲಗೂನ ನಿಲ್ಲಂಗೂ ಇಲ್ಲ.

ಹಳೇ_ಮಾಣಿ
ಎಲ್ಲರೂ ಕುರ್ಚಿಯಲ್ಲಿ ಕೂತವರ ಲೆಕ್ಕ ಹೇಳ್ತಾ ಇದ್ದೀರಿ. ಟೇಬಲ್ ಒರೆಸಿದವ ನಾನು, ನಂದೂ ಸ್ವಲ್ಪ ಕೇಳಿ.

ನಾನು ಕುಂದಾಪುರದ ಕಡೆಯವ. ಏಳನೇ ಕ್ಲಾಸ್ ಮುಗಿದದ್ದೇ, ಊರಿನವರೊಬ್ಬರ ಹಿಂದೆ ಬಸ್ಸು ಹತ್ತಿ ಬೆಂಗಳೂರಿಗೆ ಬಂದದ್ದು, 1981ರಲ್ಲಿ. ಯಾವ ಹೋಟೆಲು ಅಂತ ಹೇಳುವುದಿಲ್ಲ, ಮೆಜೆಸ್ಟಿಕ್ ಹತ್ತಿರ ಇತ್ತು, ಈಗ ಇಲ್ಲ. ಮೊದಲು ಲೋಟ ತೊಳೆಯುವುದು. ಕೈಬೆರಳಿನ ಸಂದಿಯೆಲ್ಲ ಬಿಳಿಚಿ ಒಡೆದು ಹೋಗ್ತಿತ್ತು. ಆಮೇಲೆ ಕ್ಲೀನರ್. ಮೂರು ವರ್ಷ ಆದ ಮೇಲೆ ಸಪ್ಲೈ. ಅಲ್ಲಿಂದ ಮೇಲೆ ಹೋದರೆ ಕಾಫಿ ಮಾಡುವವ, ದೋಸೆ ಹೊಯ್ಯುವವ, ಅದಕ್ಕೂ ಮೇಲೆ ಗಲ್ಲಾ. ಗಲ್ಲಾದಲ್ಲಿ ಕೂರುವವ ಮಾತ್ರ ಯಾವಾಗಲೂ ಧಣಿಗಳ ಕಡೆಯವನೇ.

ಸಪ್ಲೈಗೆ ಬಂದ ಮೇಲೆ ನನಗೆ ಗಿರಾಕಿಗಳು ಕಂಡದ್ದು. ಬರೆದುಕೊಳ್ಳಲಿಕ್ಕೆ ಪುಸ್ತಕ ಇಲ್ಲ. ಆರು ಟೇಬಲ್, ಇಪ್ಪತ್ತು ಜನ, ಯಾರಿಗೆ ಸಕ್ಕರೆ ಕಮ್ಮಿ, ಯಾರಿಗೆ ಡಿಕಾಕ್ಷನ್ ಜಾಸ್ತಿ, ಯಾರು ಸಾಂಬಾರಿನಲ್ಲಿ ಮುಳುಗಿಸಿ ಕೇಳ್ತಾರೆ, ಎಲ್ಲ ತಲೆಯಲ್ಲೇ. ದಿನಾ ಹತ್ತೂವರೆಗೆ ಕೋರ್ಟಿನ ಗುಮಾಸ್ತರೊಬ್ಬರು ಬರ್ತಿದ್ದರು. ಅವರು ಎರಡು ದಿನ ಬಾರದಿದ್ದರೆ ಅವರ ಸ್ನೇಹಿತರು ನನ್ನ ಹತ್ತಿರ ಕೇಳುವುದು, "ಏನೋ ಮಾಣಿ, ಸಾಹೇಬ್ರು ಬರ್ಲಿಲ್ವಾ?" ಅವರ ಮನೆಗೆ ಫೋನಿಲ್ಲ. ನಾನೇ ಫೋನು ಮಾರಾಯ್ರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದು, ಯಾರೋ ಇಟ್ಟು ಹೋದ ಕೊಡೆ, ಕವರು, ಮದುವೆ ಕಾಗದ ಎಲ್ಲ ಗಲ್ಲಾದಲ್ಲಿ ಇಟ್ಟು ಕೊಡುವುದು. ಟಿಪ್ಸು ಹತ್ತು ಪೈಸೆ.

ನಮ್ಮ ಸಭೆ ಸೇರುತ್ತಿದ್ದದ್ದು ರಾತ್ರಿ ಹತ್ತರ ಮೇಲೆ. ಶಟರು ಅರ್ಧ ಎಳೆದು, ಕುರ್ಚಿ ಎಲ್ಲ ಟೇಬಲ್ ಮೇಲೆ ಕವುಚಿ ಹಾಕಿ, ನೆಲ ತೊಳೆದು, ಒಣಗಿದ ಮೇಲೆ ಎರಡೆರಡು ಟೇಬಲ್ ಜೋಡಿಸಿದರೆ ಅದೇ ಮಂಚ. ಅಕ್ಕಪಕ್ಕದ ಹೋಟೆಲಿನ ಊರಿನ ಹುಡುಗರೂ ಬರ್ತಿದ್ದರು. ಊರಿಂದ ಬಂದ ಒಂದು ಕಾಗದವನ್ನು ಹತ್ತು ಜನ ಓದುವುದು. ಯಾರ ಮನೆಯಲ್ಲಿ ಕೊಯ್ಲು ಆಯ್ತು, ಯಾರ ಅಕ್ಕನಿಗೆ ಸಂಬಂಧ ಕೂಡಿ ಬಂತು, ಯಾವ ಯಕ್ಷಗಾನ ಮೇಳದಲ್ಲಿ ಈ ವರ್ಷ ಯಾರ ಭಾಗವತಿಕೆ. ಮಳೆಗಾಲದಲ್ಲಿ ಮೇಳದವರು ಬೆಂಗಳೂರಿಗೆ ಬಂದರೆ ರಾತ್ರಿಯಿಡೀ ಆಟ ನೋಡಿ, ಬೆಳಿಗ್ಗೆ ಐದಕ್ಕೆ ನೇರ ಬಂದು ಇಡ್ಲಿ ಪಾತ್ರೆ ಹಚ್ಚಿದ್ದೂ ಉಂಟು.

ಒಳ್ಳೆಯದು ಮಾತ್ರ ಹೇಳಿದರೆ ಸುಳ್ಳಾಗ್ತದೆ. ಒಂದು ವರ್ಷ ನನ್ನ ಸಂಬಳ "ಊರಿಗೇ ಕಳಿಸಿದ್ದೇನೆ" ಅಂತ ಧಣಿಗಳು ಹೇಳಿದರು. ಷಷ್ಠಿಗೆ ಊರಿಗೆ ಹೋದಾಗ ಅಮ್ಮ ಹೇಳಿದಳು, ಒಂದು ಮನಿಯಾರ್ಡರೂ ಬಂದಿಲ್ಲ ಅಂತ. ಕೇಳಿದ್ದಕ್ಕೆ ಕೆಲಸ ಹೋಯ್ತು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಕಾನೂನು ಬಂತು. ಬಂದದ್ದು ಒಳ್ಳೆಯದೇ. ಆದರೆ ಆ ರಾತ್ರಿಯ ಟೇಬಲ್ಲು ನೆನಪಾದರೆ ಈಗಲೂ ಒಂಥರಾ ಆಗ್ತದೆ.

ಮಾವಳ್ಳಿ_ಮಗಳು
ಮಾಣಿ ಅಣ್ಣಾ, ಇದನ್ನ ಎರಡು ಸಲ ಓದಿದೆ. "ನಾನೇ ಫೋನು" ಅಂದಿರಲ್ಲ, ಅಲ್ಲಿ ನಿಂತುಬಿಟ್ಟೆ.

ಮಾಟುಂಗಾ_ಲೋಕಲ್
ಮುಂಬಯಿಯಿಂದ. ಹಳೇ ಮಾಣಿಯವರ ಕಥೆ ಇಲ್ಲಿ ಮನೆಮನೆಯ ಕಥೆ. ನಮ್ಮ ದೊಡ್ಡಪ್ಪ ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವರು. ಈ ಊರಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಬೆಂಚು ತುಂಬಿದ್ದೇ ಹೋಟೆಲ್ ಹುಡುಗರಿಂದ. ಈಗ ಆ ಬೆಂಚುಗಳು ಬಹುತೇಕ ಖಾಲಿ.

ಮಾಟುಂಗಾ ಸ್ಟೇಷನ್ ಹತ್ತಿರ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇನ್ನೂ ನಡೀತಿದೆ. ಹೆಸರೇ ಹೇಳುವ ಹಾಗೆ ಅದು ಬೋರ್ಡಿಂಗು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತರಿಗೆ ಅದೇ ಮನೆಯ ಅಡುಗೆಮನೆ. ಬಾಳೆಎಲೆ, ಸಾರು, ಪಲ್ಯ. ಮೈಸೂರು ಅಸೋಸಿಯೇಷನ್ನೂ ಮಾಟುಂಗಾದಲ್ಲೇ, 1926ರಿಂದ ಇದೆ. ಅಲ್ಲಿ ನಾಟಕ ಮುಗಿಸಿ, ಹೋಟೆಲಿಗೆ ನುಗ್ಗಿ, ಕೊನೇ ಲೋಕಲ್ ತಪ್ಪುವವರೆಗೂ ನಾಟಕದವರನ್ನ ಬೈಯೋದು. ಬೆಂಗಳೂರಿನಲ್ಲಿ ಹೋಟೆಲು ನಿಮಗೆ ಊರಿನ ಒಂದು ಭಾಗ. ನಮಗೆ ಅದು ಊರೇ.

ಎರಡನೇ_ಲೋಟ
ಸಿಹಿ ಜಾಸ್ತಿಯಾಯ್ತು, ಸ್ವಲ್ಪ ಡಿಕಾಕ್ಷನ್ ಹಾಕ್ತೀನಿ, ಕ್ಷಮಿಸಿ.

"ಎಲ್ಲರೂ ಸೇರೋ ಜಾಗ" ಅಂತ ಬರೀತಿದ್ದೀರಿ. ಯಾವ ಎಲ್ಲರೂ? ದಕ್ಷಿಣದ ಎಷ್ಟೋ ಹಳೇ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗಡೆ ಬೇರೆ ಪಂಕ್ತಿ ಇತ್ತು. ದಲಿತರಿಗೆ ಹೊಸ್ತಿಲೇ ಇರಲಿಲ್ಲ. ಮದ್ರಾಸಿನ ಟ್ರಿಪ್ಲಿಕೇನಿನಲ್ಲಿ ಬೋರ್ಡಿನ ಮೇಲೆ "ಬ್ರಾಹ್ಮಣ" ಅಂತ ಹಾಕಿಕೊಂಡಿದ್ದ ಹೋಟೆಲಿನ ಮುಂದೆ 1957ರಲ್ಲಿ ಪೆರಿಯಾರ್ ಕಡೆಯವರು ತಿಂಗಳುಗಟ್ಟಲೆ ಚಳವಳಿ ಮಾಡಬೇಕಾಯ್ತು. ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿ ತೆಗೆದು ಓದಿ. ಅಂಗಡಿ, ಹೋಟೆಲು, ಉಪಾಹಾರ ಗೃಹಗಳಿಗೆ ಪ್ರವೇಶ ನಿರಾಕರಿಸುವಂತಿಲ್ಲ ಅಂತ ಹೆಸರು ಹಿಡಿದು ಬರೆದಿದ್ದಾರೆ. ಇಡೀ ದೇಶದ ಸಂವಿಧಾನದಲ್ಲಿ ಹೋಟೆಲಿನ ಮಾತು ಯಾಕೆ ಬಂತು ಅಂತ ಯೋಚನೆ ಮಾಡಿ.

ನಮ್ಮಪ್ಪ ಹಳ್ಳಿಯ ಚಹಾದಂಗಡಿಯಲ್ಲಿ ಹೊರಗೆ ಸಿಕ್ಕಿಸಿಟ್ಟಿದ್ದ ಲೋಟ ತಗೊಂಡು, ಕುಡಿದು, ತಾನೇ ತೊಳೆದು ಇಟ್ಟು ಬಂದವರು. ಮೊದಲ ಸಲ ಬೆಂಗಳೂರಿನ ಹೋಟೆಲಿನಲ್ಲಿ ಎದುರು ಕೂತವನು ಹೆಸರು ಕೂಡ ಕೇಳದೆ ಚಟ್ನಿ ಬಟ್ಟಲು ಈ ಕಡೆ ತಳ್ಳಿದನಂತೆ. ಯಾರೂ ಏನೂ ಕೇಳದಿದ್ದದ್ದೇ ಅಪ್ಪನಿಗೆ ದೊಡ್ಡದಾಗಿತ್ತು. ಹಾಗಾಗಿ ಬುಲ್‌ಟೆಂಪಲ್ ಅವರೇ, ಎದುರಿನ ಕುರ್ಚಿಯ ವಿಷಯದಲ್ಲಿ ನಿಮ್ಮ ಜೊತೆ ಇದ್ದೀನಿ. "ಯಾವೂರು" ವಿಷಯದಲ್ಲಿ ಆ ಹುಡುಗನ ಜೊತೆ.

ತಿಂಡಿ_ಮಾತ್ರ
ದೋಸೆ ವಿಷಯಕ್ಕೂ ಜಾತಿ ತರಬೇಕಾ? ಎಲ್ಲಾ ಹಳೇ ಕಥೆ.

ಹಳೇ_ಮಾಣಿ
ತಮ್ಮಾ, ನಾನು ಲೋಟ ತೊಳೆದವ. ಹಳೇ ಕಥೆ ಹೌದು, ಸುಳ್ಳಲ್ಲ. ಒಳಗಿನ ಪಂಕ್ತಿಗೆ ಬಡಿಸಲಿಕ್ಕೆ ಯಾರನ್ನು ಬಿಡ್ತಿದ್ದರು, ಯಾರನ್ನು ಬಿಡ್ತಿರಲಿಲ್ಲ ಅಂತ ನನಗಿಂತ ಹಿಂದಿನವರು ಬೇಕಾದಷ್ಟು ಹೇಳಿದ್ದಾರೆ.

ಕಟ್ಟೆ_ಪುರಾಣ
@ಎರಡನೇ_ಲೋಟ ಒಪ್ಪಿದೆ. ನನ್ನ ಫುಟ್‌ಪಾತ್ ಸಿದ್ಧಾಂತಕ್ಕೂ ಇದು ಅನ್ವಯಿಸುತ್ತೆ. ಅಲ್ಲಿ ನಿಂತು ಹರಟಿದವರೂ ಅಕ್ಕಪಕ್ಕದ ಬೀದಿಯ, ಒಂದೇ ಥರದ ಜನವೇ.

ಎಂಜಿ_ರೋಡ್_ವಿಧವೆ
(ಹೆಸರು ನೋಡಿ ಗಾಬರಿಯಾಗಬೇಡಿ. ಎಂ.ಜಿ. ರಸ್ತೆಯ ಕಾಫಿ ಹೌಸ್ ಮುಚ್ಚಿಹೋದಾಗ ಸ್ನೇಹಿತೆಯರು ಇಟ್ಟ ಅಡ್ಡಹೆಸರು.)

ಕೂತು ಹರಟೋಕೆ ಬಿಡೋ ಹೋಟೆಲು ಬೇಕಿದ್ದರೆ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್. ಒಂದು ಕಾಫಿ, ಮೂರು ಗಂಟೆ. ರುಮಾಲು, ಅಗಲ ಬೆಲ್ಟು ಹಾಕಿದ ಸಪ್ಲೈಯರು ಬಂದು ಖಾಲಿ ಕಪ್ಪು ಎತ್ತಿಕೊಂಡು ಹೋಗ್ತಿದ್ದರು, ಬಿಲ್ಲು ಮಾತ್ರ ಕೇಳೋವರೆಗೂ ತರ್ತಿರಲಿಲ್ಲ. ಅದಕ್ಕೆ ಕಾರಣ ಅವರ ಒಳ್ಳೇತನ ಒಂದೇ ಅಲ್ಲ, ಅಲ್ಲಿ ಧಣಿ ಅಂತ ಒಬ್ಬ ಇರಲಿಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನ ಮುಚ್ಚೋಕೆ ಹೊರಟಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರು ಕೆಲಸಗಾರರನ್ನ ಸೇರಿಸಿ ಸಹಕಾರ ಸಂಘ ಕಟ್ಟಿಸಿದರು. ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1957ರ ಆಗಸ್ಟ್ 19ರಂದು. ಅಂದರೆ ಕಾಫಿ ತಂದುಕೊಡೋನೂ ಒಬ್ಬ ಮಾಲೀಕ. ಅವನಿಗೆ ನನ್ನನ್ನ ಎಬ್ಬಿಸೋ ಅವಸರ ಇರಲಿಲ್ಲ.

ಸಿಗರೇಟ್ ಹೊಗೆ ಮಾತ್ರ ಅಸಹ್ಯ. 2008ರ ಅಕ್ಟೋಬರ್ 2ರಂದು ಸಾರ್ವಜನಿಕ ಜಾಗದಲ್ಲಿ ಸೇದೋದು ನಿಂತಿತು, ನನಗೆ ಖುಷಿ. ಮುಂದಿನ ವರ್ಷ 2009ರಲ್ಲಿ ಆ ಜಾಗವೇ ಹೋಯ್ತು. ಚರ್ಚ್ ಸ್ಟ್ರೀಟಿಗೆ ಬಂದ ಮೇಲೂ ಹೋಗಿದ್ದೀನಿ. ಅದೇ ಕಾಫಿ, ಅದೇ ರುಮಾಲು. ಆದರೆ ಎಂ.ಜಿ. ರಸ್ತೆಯಲ್ಲಿ ಬಾಗಿಲ ಹತ್ತಿರ ಕೂತರೆ ಅರ್ಧ ಊರು ಕಣ್ಣೆದುರೇ ಹಾದು ಹೋಗ್ತಿತ್ತು, ಅದರಲ್ಲಿ ಒಬ್ಬರಾದರೂ ಗುರುತಿನವರು ಒಳಗೆ ಬರ್ತಿದ್ದರು. ಅದನ್ನ ಎತ್ತಿಕೊಂಡು ಹೋಗೋಕೆ ಆಗಲ್ಲ ನೋಡಿ.

ಗಲ್ಲಾ_ಪೆಟ್ಟಿಗೆ
ನಾನು ಹೋಟೆಲ್ ನಡೆಸೋನು. ಚಿಕ್ಕದು, ಹನ್ನೆರಡು ಟೇಬಲ್, ಊರು ಬೇಡ. ನಮ್ಮ ಕಡೆಯ ಕಷ್ಟನೂ ಕೇಳಿ.

ಒಂದು ಟೇಬಲ್ಲಿಗೆ ನಾಲ್ಕು ಜನ, ಇಪ್ಪತ್ತು ನಿಮಿಷಕ್ಕೆ ಎದ್ದರೆ ಬೆಳಗ್ಗೆ ಒಂದು ಗಂಟೆಯಲ್ಲಿ ಹನ್ನೆರಡು ಜನ ತಿಂತಾರೆ. ಇಬ್ಬರು ಬೈಟೂ ಹಿಡಿದು ಒಂದು ಗಂಟೆ ಕೂತರೆ ಆ ಟೇಬಲ್ಲಿಗೆ ಒಂದು ಕಾಫಿ ದುಡ್ಡು. ಬಾಡಿಗೆ, 19 ಕೆ.ಜಿ. ಸಿಲಿಂಡರು, ಹಾಲು, ಕೆಲಸದವರ ಊಟ ವಸತಿ, ಎಲ್ಲ ಆ ಹನ್ನೆರಡು ಜನರ ಮೇಲೆ ನಿಂತಿದೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ ಊರೆಲ್ಲ ದರ್ಶಿನಿ ಹಬ್ಬಿದ್ದು ಇದೇ ಲೆಕ್ಕದಿಂದ. ಕುರ್ಚಿ ತೆಗೆದರು, ಬೆಲೆ ಇಳೀತು, ಜನ ನಿಂತು ತಿಂದರು. ಅದನ್ನ ತಪ್ಪು ಅನ್ನಲ್ಲ. ಬಡವನಿಗೂ ಬಿಸಿ ಇಡ್ಲಿ ಸಿಕ್ಕಿತು.

ದುಡ್ಡಿನ ವಿಷಯದಲ್ಲಿ ಹೋಟೆಲಿನವನ ಕೈ ಕಟ್ಟಿದರೆ ಏನಾಗುತ್ತೆ ಅಂತ ಎಮರ್ಜೆನ್ಸಿಯಲ್ಲಿ ನೋಡಿದ್ದೀವಲ್ಲ. ಸರ್ಕಾರ ತಿಂಡಿ ಬೆಲೆ ಇಳಿಸಿ ಅಂದಾಗ ಎಂ.ಟಿ.ಆರ್.ನವರು ರುಚಿ ಕೆಡಿಸಲಿಲ್ಲ. ದಿನದ ನಷ್ಟ ಎಷ್ಟು ಅಂತ ಬೋರ್ಡ್ ಬರೆದು ಹಾಕಿ, ಕೊನೆಗೆ ಬಾಗಿಲು ಹಾಕಿದರು.

ಈಗ ಗುಟ್ಟು ಹೇಳ್ತೀನಿ. ಹನ್ನೊಂದರಿಂದ ಹನ್ನೆರಡು, ಮಧ್ಯಾಹ್ನ ಎರಡೂವರೆಯಿಂದ ನಾಲ್ಕು, ಆ ಹೊತ್ತಲ್ಲಿ ನಮಗೇ ಬೇಜಾರು. ಆಗ ಯಾರಾದರೂ ಹಿರಿಯರು ಬಂದು ಪೇಪರ್ ಹರಡಿ ಕೂತರೆ ಖುಷಿಯೇ. ಖಾಲಿ ಹೋಟೆಲಿಗೆ ಗಿರಾಕಿ ಕಾಲಿಡಲ್ಲ, ನಾಲ್ಕು ಜನ ಕೂತಿದ್ದರೆ ಐದನೆಯವನು ಬರ್ತಾನೆ. ನಮ್ಮಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರು ದಿನಾ ಮೂರು ಗಂಟೆಗೆ ಬರ್ತಾರೆ. ಅವರಿಗೆ ಎರಡನೇ ಕಾಫಿ ಲೆಕ್ಕಕ್ಕಿಲ್ಲ. 2020ರ ಜೂನ್ 8ಕ್ಕೆ ಲಾಕ್‌ಡೌನ್ ಮುಗಿದು ಒಳಗೆ ಕೂರಿಸಬಹುದು ಅಂದಾಗ, ಟೇಬಲ್ಲಿನ ಅರ್ಧ ಸೀಟಿಗೆ ಟೇಪಿನಲ್ಲಿ ಇಂಟು ಗುರುತು ಹಾಕಿದ್ದೆವು. ಮೊದಲ ದಿನ ಮೂರು ಗಂಟೆಗೆ ಬಂದವರು ಅವರೇ. ಮಾಸ್ಕ್ ಇಳಿಸಿ "ಕಾಫಿ ಇದೆಯೇನಯ್ಯಾ?" ಅಂದರು. ಗಲ್ಲಾದಲ್ಲಿ ಕೂತು ನನಗೆ ಮಾತೇ ಹೊರಡಲಿಲ್ಲ. ಇಂಟು ಗುರುತು ತೆಗೆದ ಮೇಲೂ ಸುಮಾರು ದಿನ ಯಾರೂ ಗುರುತಿಲ್ಲದವರ ಎದುರು ಕೂರಲೇ ಇಲ್ಲ, ಅದು ನಿಜ. ಈಗಲೂ "ಬೇರೆ ಟೇಬಲ್ ಇಲ್ವಾ" ಅಂತ ಕೇಳೋರೇ ಜಾಸ್ತಿ.

ಬುಲ್‌ಟೆಂಪಲ್_ರೋಡ್
ಗಲ್ಲಾ ಸಾರ್, ನಿಮ್ಮ ಗುಟ್ಟನ್ನ ಉಪಯೋಗಿಸಿಕೊಂಡೆ. ಇವತ್ತು ಮಂಗಳವಾರ, ಆಫೀಸಿಗೆ ಅರ್ಧ ದಿನ ರಜಾ ಹಾಕಿ ಅಪ್ಪನನ್ನೂ ಅವರ ಸ್ನೇಹಿತರನ್ನೂ ಮಧ್ಯಾಹ್ನ ಕರಕೊಂಡು ಹೋದೆ. ರೋಡಿನಲ್ಲಿ ಬಿಸಿಲು, ಹೂವಿನವರು ತೂಕಡಿಸ್ತಿದ್ದರು. 2023ರಲ್ಲಿ ರಸ್ತೆ ಅಗೆದು ಹಾಕಿದ್ದಾಗ ಅಪ್ಪ ಈ ಕಡೆ ಬರೋದನ್ನೇ ಬಿಟ್ಟಿದ್ದರು. ಈಗ ಅಗಲವಾದ ಫುಟ್‌ಪಾತ್ ನೋಡಿ "ಇಲ್ಲಿ ಒಂದು ಕುರ್ಚಿ ಹಾಕ್ಕೊಂಡು ಕೂರಬಹುದಲ್ಲೋ" ಅಂದರು. ಕಟ್ಟೆ ಪುರಾಣದವರ ಸಿದ್ಧಾಂತ ನೆನಪಾಯ್ತು.

ಒಳಗೆ ಹೋದ ಕೂಡಲೇ ಜಾಗ ಸಿಕ್ತು. ಎದುರಿಗೆ ಒಬ್ಬರು ಬಂದು ಕೂತರು, ಅರವತ್ತರ ಆಸುಪಾಸು, ಚಿತ್ರದುರ್ಗದ ಕಡೆಯವರು, ಆಸ್ಪತ್ರೆಗೆ ಬಂದಿದ್ದರಂತೆ. ಅಪ್ಪ ಏನೂ ಕೇಳಲಿಲ್ಲ. (ಮಾವಳ್ಳಿ ಮೇಡಂ, ನಿಮ್ಮ ಮಾತನ್ನ ಓದಿ ಹೇಳಿದ್ದೆ.) ಅವರೇ "ಸಾಂಬಾರ್ ಕೊಡಲ್ವಾ ಇಲ್ಲಿ?" ಅಂದರು. ಅಷ್ಟು ಸಾಕಾಯ್ತು. ಸಾಂಬಾರ್ ಯಾಕೆ ಇಲ್ಲ ಅಂತ ಅಪ್ಪ ಶುರು ಮಾಡಿದರು. ಅವರ ಸ್ನೇಹಿತರು ಅರ್ಧ ಮಾತ್ರ ಕೇಳಿಸಿಕೊಂಡು ಪೂರ್ತಿ ತಪ್ಪು ಉತ್ತರ ಕೊಟ್ಟರು. ಚಿತ್ರದುರ್ಗದವರು ಬರಗಾಲ, ಭದ್ರಾ ಮೇಲ್ದಂಡೆ ನೀರು ಅಂತ ಎಲ್ಲಿಗೋ ಹೋದರು. ಮುಕ್ಕಾಲು ಗಂಟೆ. ಬಿಲ್ಲು ಕೊಡೋಕೆ ಮೂವರೂ ಕೈ ಹಾಕಿ ಜಗಳ. ಇಯರ್‌ಫೋನ್ ಇಲ್ಲದೆ ಒಂದು ಮೂಲೆಯಲ್ಲಿ ಬೋರಾಗಿ ಕೂತಿದ್ದೋನು ನಾನೇ.

ಎರಡನೇ_ಲೋಟ
ಚಿತ್ರದುರ್ಗದವರ ಹೆಸರು ಏನಂತೆ?

ಬುಲ್‌ಟೆಂಪಲ್_ರೋಡ್
ಕೇಳಲೇ ಇಲ್ಲ ಮಾರಾಯ್ರೆ, ಮೂರು ಜನದಲ್ಲಿ ಯಾರೂ.

ಸಪ್ತಾಪುರ_ಮಳಿ
ಮುಂದಿನ ವಾರ ನಾನೂ ಬೆಂಗಳೂರಿಗೆ ಬರಾಕತ್ತೇನ್ರೀ, ಹೈಕೋರ್ಟಿನಾಗ ಕೆಲಸ ಐತಿ. ಇಲ್ಲಿದ್ದವರು ನಾಕ ಮಂದಿ ಕೂಡೂಣೇನು? ಶುಕ್ರವಾರ ಮಧ್ಯಾನ್ಹ ಖಾಲಿ ಅದೇನಿ. ವಿದ್ಯಾರ್ಥಿ ಭವನದಾಗ?

ಕಟ್ಟೆ_ಪುರಾಣ
ಮೇಲೆ ಹೇಳಿದ್ದು ಓದಲಿಲ್ವಾ ಸಾರ್? ಶುಕ್ರವಾರ ರಜಾ.

ಸಪ್ತಾಪುರ_ಮಳಿ
ಹಂಗಾರ ಫುಟ್‌ಪಾತ್‌ನ್ಯಾಗ ಕೂಡೂಣ ಬಿಡ್ರಿ. ಮೂರಕ್ಕ ಬರ್ತೀನಿ.